ಕ್ಯೂಸೆಕ್ ಬೇರೆ, ಟಿಎಂಸಿ ಬೇರೆ

ಮಳೆ ಕೈಕೊಟ್ಟ ವರ್ಷ ಆಗಸ್ಟ್ ಮುಗಿಯೋ ಹೊತ್ತಿಗೆ ಶುರುವಾಗುತ್ತೆ, "ಸಾರ್, ತಮಿಳುನಾಡಿಗೆ ಕಾವೇರಿಯಿಂದ ಐದು ಸಾವಿರ ಟಿಎಂಸಿ ಬಿಡ್ಬೇಕಂತೆ, ಹೌದಾ?" ನೀರಾವರಿ ಇಲಾಖೆಲಿ ಕೆಲಸ ಮಾಡ್ದೋನು ಅಂತ ನನ್ನನ್ನೇ ಕೇಳ್ತಾರೆ. ಅಲ್ಲಾ ಸ್ವಾಮಿ, ಕೆಆರ್‌ಎಸ್ 124.80 ಅಡಿ ಪೂರ್ತಿ ತುಂಬಿದ್ರೂ ಅದ್ರಲ್ಲಿರೋದು 49 ಟಿಎಂಸಿ ಚಿಲ್ಲರೆ, ಐದು ಸಾವಿರ ಎಲ್ಲಿಂದ ತರೋದು?

ಅದು ಕ್ಯೂಸೆಕ್. ಸೆಕೆಂಡಿಗೆ ಎಷ್ಟು ಘನ ಅಡಿ ಹರೀತಿದೆ ಅನ್ನೋ ಲೆಕ್ಕ. ಟಿಎಂಸಿ ಅಂದ್ರೆ ಒಟ್ಟು ನೀರು, ನೂರು ಕೋಟಿ ಘನ ಅಡಿ. ನಲ್ಲಿ ಎಷ್ಟು ಜೋರಾಗಿ ಬರ್ತಿದೆ ಅನ್ನೋದು ಒಂದು, ಡ್ರಮ್ ಎಷ್ಟು ತುಂಬ್ತು ಅನ್ನೋದು ಇನ್ನೊಂದು, ಎಷ್ಟು ಹೊತ್ತು ಬಿಟ್ರಿ ಅಂತ ಗೊತ್ತಿಲ್ದೆ ಒಂದರಿಂದ ಇನ್ನೊಂದು ಹೇಳೋಕಾಗಲ್ಲ. 11,574 ಕ್ಯೂಸೆಕ್ ಇಡೀ ದಿನ ಹರಿದ್ರೆ ಒಂದು ಟಿಎಂಸಿ. 2023ರಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿದ್ದು 15 ದಿನ 5,000 ಕ್ಯೂಸೆಕ್, ಅಂದ್ರೆ ಸುಮಾರು ಆರೂವರೆ ಟಿಎಂಸಿ. ಬರದಲ್ಲಿ ಅದೇನು ಕಮ್ಮಿ ಅಲ್ಲ, ನಾಲೆಲಿ ಒಂದು ಕಟ್ಟು, ಅಂದ್ರೆ ಒಂದು ಸರದಿ ನೀರು ಸಿಕ್ಕಿದ್ರೆ ಮಂಡ್ಯದಲ್ಲಿ ಎಷ್ಟೋ ಜನರ ಭತ್ತ ಉಳಿಯುತ್ತೆ. ಆದ್ರೆ ಸಾವಿರಗಳಲ್ಲಿ ಕೇಳಿದಾಗ ಡ್ಯಾಮೇ ಬರಿದಾಯ್ತು ಅಂತ ಜನ ಹೆದರ್ತಾರೆ. ಅದೂ ಅಲ್ದೆ ಅಳೆಯೋದು ತಮಿಳುನಾಡು ಗಡಿಯ ಬಿಳಿಗುಂಡ್ಲುವಲ್ಲಿ, ಕಬಿನಿ ನೀರೂ ಕೆಳಗೆ ಬಿದ್ದ ಮಳೆ ನೀರೂ ಅದರಲ್ಲೇ ಸೇರುತ್ತೆ.

2016ರ ಸೆಪ್ಟೆಂಬರ್ 12 ನೆನಪಿರ್ಬೇಕು. ಸುಪ್ರೀಂ ಕೋರ್ಟ್ 15,000 ಕ್ಯೂಸೆಕ್ಕನ್ನ 12,000ಕ್ಕೆ ಇಳಿಸಿ, ಗಡುವನ್ನ 20ನೇ ತಾರೀಖಿಗೆ ಎಳೀತು. ಹರಿವು ಇಳೀತು, ದಿನ ಜಾಸ್ತಿ ಆಯ್ತು, ಹಾಗಾಗಿ ಒಟ್ಟು ನೀರು ಮೊದಲಿಗಿಂತ ಹೆಚ್ಚೇ. ಟಿವಿಲಿ ಬರೀ ಹನ್ನೆರಡು ಸಾವಿರ ಅಂತ ಓಡ್ತಿತ್ತು. ಅವತ್ತೇ ಬೆಂಗಳೂರಲ್ಲಿ ಬಸ್ಸು ಸುಟ್ರು, ಗೋಲಿಬಾರಲ್ಲಿ ಜೀವ ಹೋಯ್ತು. ಲೆಕ್ಕ ಗೊತ್ತಿದ್ದಿದ್ರೆ ಗಲಾಟೆನೇ ಆಗ್ತಿರ್ಲಿಲ್ಲ ಅಂತ ನಾನು ಹೇಳಲ್ಲ, ಆದೇಶ ಸರಿನಾ ತಪ್ಪಾ ಅನ್ನೋದು ವಕೀಲರ ಮಾತು.

ನನಗೆ ಕಾಣೋ ಸಮಸ್ಯೆ ಬೇರೆ. ಸುಪ್ರೀಂ ಕೋರ್ಟಿನ 2018ರ ತೀರ್ಪಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ, ಅದು ಮಳೆ ಸರಿಯಾಗಿ ಆದ ವರ್ಷಕ್ಕೆ, ಅದರಲ್ಲಿ 123.14 ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಹೋಗ್ಬೇಕು. ಮಳೆ ಕಮ್ಮಿ ಆದ್ರೆ ಅದೇ ಪ್ರಮಾಣದಲ್ಲಿ ಪಾಲೂ ಕಮ್ಮಿ ಅಂತ ಕಾವೇರಿ ನ್ಯಾಯಮಂಡಳಿ ಹೇಳಿದೆ, ಆದ್ರೆ ತಿಂಗಳು ತಿಂಗಳು ಹೆಂಗೆ ಕಮ್ಮಿ ಮಾಡೋದು ಅನ್ನೋ ಸಂಕಷ್ಟ ಸೂತ್ರಕ್ಕೆ 2023ರಲ್ಲೂ ಎರಡೂ ಕಡೆ ಒಪ್ಪಿಗೆ ಇರ್ಲಿಲ್ಲ. ಅದನ್ನ ಡ್ಯಾಮ್ ತುಂಬಿರೋ ವರ್ಷದಲ್ಲೇ ಕೂತು ಬರೀಬೇಕು, ಆಗಸ್ಟಲ್ಲಿ ಆಗೋ ಕೆಲಸ ಅಲ್ಲ, ಯಾಕಂದ್ರೆ ಅಷ್ಟೊತ್ತಿಗೆ ತಂಜಾವೂರಲ್ಲಿ ಕುರುವೈ ಅನ್ನೋ ಅಲ್ಪಾವಧಿ ಭತ್ತದ ಪೈರು ನೀರಿಗೆ ಕಾಯ್ತಿರುತ್ತೆ, ಮಳವಳ್ಳಿ ಕಡೆ ನಾಲೆ ಕೊನೇ ಭಾಗದವರು ಒಟ್ಲು (ಭತ್ತದ ಸಸಿಮಡಿ) ಹಾಕಿ ಕೂತಿರ್ತಾರೆ.