ಬೀಳುವ ಮಾತುಗಳು: ಕೋಇನ್ಸಿಡೆನ್ಸ್ ಮತ್ತು ಅದರ ನೆಂಟರು

ಬೆಂಗಳೂರಿನಲ್ಲಿ ಓದುವ ಅಣ್ಣನ ಮಗಳು ರಜೆಗೆ ಶಿರಸಿಗೆ ಬಂದವಳು ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು: "ಕುಮಟಾ ಬಸ್‌ಸ್ಟ್ಯಾಂಡಲ್ಲಿ ಆಕ್ಸಿಡೆಂಟಲೀ ನಮ್ಮ ಹೈಸ್ಕೂಲ್ ಮೇಡಂ ಸಿಕ್ಕಿದ್ರು!" ಒಳಗೆ ಅಡಿಕೆ ಸುಲಿಯುತ್ತಿದ್ದ ಅಮ್ಮ ಮೆಟ್ಟುಗತ್ತಿ ಬಿಟ್ಟು ಎದ್ದೇಬಿಟ್ಟಳು. "ಆಕ್ಸಿಡೆಂಟಾ? ಯಾರಿಗೆ ಪೆಟ್ಟಾತು?"

ತಪ್ಪು ಇಬ್ಬರದ್ದೂ ಅಲ್ಲ. ಇಂಗ್ಲಿಷಿನಲ್ಲಿ ಆಕ್ಸಿಡೆಂಟ್ ಎಂದರೆ ಅಂದುಕೊಳ್ಳದೆ ಆದದ್ದು. ಲಾರಿಗೆ ಬಸ್ಸು ಗುದ್ದುವುದು ಅದರ ಒಂದು ಬಗೆ. ಕನ್ನಡಕ್ಕೆ ಬಂದದ್ದು ಆ ಒಂದು ಬಗೆ ಮಾತ್ರ, ದೇವಿಮನೆ ಘಟ್ಟದ ತಿರುವಿನಲ್ಲಿ ಚೆಲ್ಲಿದ ಗಾಜಿನ ಚೂರುಗಳ ಸಮೇತ. 'ಚಾನ್ಸ್' ಕಥೆಯೂ ಹೀಗೇ. ಅಲ್ಲಿ ಅದು ಆಕಸ್ಮಿಕ, ಸಂಭವ, ಅವಕಾಶ ಎಲ್ಲವೂ ಹೌದು. ಇಲ್ಲಿ 'ಒಂದು ಚಾನ್ಸ್ ಕೊಡಿ' ಮತ್ತು 'ಚಾನ್ಸೇ ಇಲ್ಲ' ಎರಡರಲ್ಲೇ ನಮ್ಮ ಸಂಸಾರ ನಡೆಯುತ್ತದೆ.

ಆ ಮಧ್ಯಾಹ್ನ ನಿಘಂಟು ತೆಗೆದು ಕೂತಾಗ ಕಂಡ ಸಂಗತಿ ನನಗೆ ಬಹಳ ಇಷ್ಟವಾಯಿತು. ಲ್ಯಾಟಿನ್ನಿನಲ್ಲಿ 'ಕಾಡೆರೆ' ಎಂಬ ಧಾತು ಇದೆ. ಅರ್ಥ: ಬೀಳು. ಮೇಲೆ ಬಂದು ಬಿದ್ದದ್ದು ಆಕ್ಸಿಡೆಂಟ್. ಒಟ್ಟಿಗೆ ಬಿದ್ದದ್ದು ಕೋಇನ್ಸಿಡೆನ್ಸ್. ಕೇಸ್, ಕ್ಯಾಶುವಲ್, ಅಕೇಶನ್ ಮೂರೂ ಇದೇ ಬೀಳುವಿಕೆಯ ಮಕ್ಕಳು. ಚಾನ್ಸ್ ಹಳೆಯ ಫ್ರೆಂಚ್ ದಾರಿಯಲ್ಲಿ ಬಂದದ್ದು. ಅದರ ಬೇರಿನಲ್ಲಿರುವುದು ದಾಳ ಬೀಳುವ ಚಿತ್ರ. ಪಗಡೆ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, 'ಗರ ಬೀಳುವುದು' ಎಂದು ನಾವು ಹೇಳುವುದೂ ಅದನ್ನೇ.

ಕನ್ನಡದಲ್ಲೂ ನಮ್ಮ ಕೈಯಲ್ಲಿಲ್ಲದ್ದು ಬೀಳುತ್ತದೆ ಎಂಬುದನ್ನು ಗಮನಿಸಿ. ಮಳೆ ಬೀಳುವುದು ಸರಿ, ಅದು ಮೇಲಿಂದ ಬರುವುದೇ. ಆದರೆ ಕನಸೂ ಬೀಳುತ್ತದೆ. ಮಾತು ಕಿವಿಗೆ ಬೀಳುತ್ತದೆ, ಕಳೆದುಹೋದ ಬೀಗದ ಕೈ ಒಂದು ದಿನ ತಾನಾಗಿ ಕಣ್ಣಿಗೆ ಬೀಳುತ್ತದೆ. ನಾವಾಗಿ ಕಣ್ಣು ಹಾಯಿಸಿದ್ದಾದರೆ 'ನೋಡಿದೆ' ಅನ್ನುತ್ತೇವೆ. ಅದಾಗಿ ಎದುರಾದರೆ 'ಕಣ್ಣಿಗೆ ಬಿತ್ತು'.

ಇನ್ನು ಕೋಇನ್ಸಿಡೆನ್ಸಿಗೆ ನಾವು ಇಟ್ಟುಕೊಂಡಿರುವ ಪಂಡಿತರ ಪದ ಕಾಕತಾಳೀಯ. ಕಾಗೆ ಬಂದು ತಾಳೆಮರದ ಮೇಲೆ ಕೂರುತ್ತದೆ, ಅದೇ ಗಳಿಗೆಗೆ ಹಣ್ಣು ಬೀಳುತ್ತದೆ. ಕಾಗೆಯ ಭಾರಕ್ಕೆ ತಾಳೆಹಣ್ಣು ಉದುರುವುದಿಲ್ಲ. ಅದು ಬೀಳುವ ಹೊತ್ತು ಬಂದಿತ್ತು, ಬಿತ್ತು. ಹಣ್ಣು ಕಾಗೆಯ ತಲೆಯ ಮೇಲೇ ಬಿದ್ದು ಅದು ಸತ್ತಿತು ಎನ್ನುವ ವ್ಯಾಖ್ಯಾನವೂ ಉಂಟು, ಪಾಪ. ರೋಮಿನವರಿಗೂ ಸಂಸ್ಕೃತದವರಿಗೂ ಈ ವಿಷಯಕ್ಕೆ ಬೀಳುವುದೇ ನೆನಪಾಯಿತಲ್ಲ, ಇದನ್ನು ಏನೆಂದು ಕರೆಯೋಣ? ಪ್ರಶ್ನೆಯಲ್ಲೇ ಉತ್ತರ ಇದೆ. ಊರಮಾತಿನಲ್ಲಿ ತಾಳೆಹಣ್ಣು ಕೊಂಬೆಯಾಗಿದೆ: ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು.

ಈ ಗಾದೆಯಲ್ಲಿ 'ಸರಿಹೋಯ್ತು' ಎನ್ನುವುದೇ ಜೀವ. ಕೋಇನ್ಸಿಡೆನ್ಸ್ ಆಗಬೇಕಾದರೆ ಎರಡು ಸಂಗತಿ ಬೇಕು, ಅವೆರಡೂ ತಾಳೆಯಾಗಬೇಕು, ಒಂದರಿಂದ ಇನ್ನೊಂದು ಹುಟ್ಟಿರಬಾರದು. ಮೇಡಂ ಕುಮಟಾದಲ್ಲಿ ಸಿಕ್ಕಿದ್ದು ಬರೀ ಆಕಸ್ಮಿಕ. ಹುಡುಗಿಯ ಕೈಯಲ್ಲಿ ಅದೇ ಹೊತ್ತಿಗೆ ಅದೇ ಮೇಡಂ ಬಹುಮಾನ ಕೊಟ್ಟ ಪುಸ್ತಕ ಇದ್ದಿದ್ದರೆ ಅದು ಕೋಇನ್ಸಿಡೆನ್ಸ್. 'ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ' ಎನ್ನುವುದು ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಆದರೆ ವೈದ್ಯ ರೋಗಿಯ ಭಾವನೆಂಟನಾಗಿದ್ದು ಮೊದಲೇ ಮಾತಾಡಿಕೊಂಡಿದ್ದರೆ ಗಾದೆ ಕೆಡುತ್ತದೆ!

ಇಂಥ ತಾಳೆಗಳು ನಾವು ಎಣಿಸಿದಷ್ಟು ಅಪರೂಪವಲ್ಲ. 23 ಜನ ಒಂದು ಕಡೆ ಸೇರಿದರೆ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. 23 ಜನರಲ್ಲಿ 253 ಜೋಡಿಗಳಿವೆ, ನಾವು ಎಣಿಸುವುದು ತಲೆಗಳನ್ನು, ಅದೇ ಎಡವಟ್ಟು. 50 ಜನ ತುಂಬಿದ ಶಿರಸಿ–ಕಾರವಾರ ಬಸ್ಸಿನಲ್ಲಿ ಆ ಸಂಭವ ನೂರಕ್ಕೆ 97. ಆದರೂ ಪಕ್ಕದ ಸೀಟಿನವರ ಹುಟ್ಟಿದ ದಿನ ನಮ್ಮದೇ ಎಂದು ಗೊತ್ತಾದರೆ ಅಂಕೋಲಾ ಬರುವ ತನಕ ಅದೇ ಮಾತು. ಇರಲಿ, ಪಕ್ಕದ ಸೀಟಿನವರೊಬ್ಬರದ್ದೇ ಆದರೆ ಅದು ನಿಜಕ್ಕೂ ಅಪರೂಪ.

ಈಗ ಸೆರೆಂಡಿಪಿಟಿ. ಚಂದ ಕೇಳುತ್ತದೆ ಎಂದು ಹೋಮ್‌ಸ್ಟೇಗಳಿಗೆಲ್ಲ ಹೆಸರಿಡಲು ಲಾಯಕ್ಕಾದ ಪದ. ಇದು ಹುಟ್ಟಿದ ದಿನ ಗೊತ್ತಿದೆ: 1754ರ ಜನವರಿ 28. ಅಂದು ಹೊರೇಸ್ ವಾಲ್ಪೋಲ್ ಎಂಬ ಇಂಗ್ಲಿಷ್ ಲೇಖಕ ಗೆಳೆಯನಿಗೆ ಬರೆದ ಪತ್ರದಲ್ಲಿ ಇದನ್ನು ತಾನೇ ಕಟ್ಟಿ ಬಳಸಿದ. ಸೆರೆಂಡಿಪ್‌ನ ಮೂವರು ರಾಜಕುಮಾರರ ಹಳೆಯ ಕಥೆ ಅವನ ತಲೆಯಲ್ಲಿತ್ತು. ಅವರು ದಾರಿಯಲ್ಲಿ ಎಡಬದಿಯ ಹುಲ್ಲು ಮಾತ್ರ ಮೇದಿರುವುದನ್ನು ನೋಡುತ್ತಾರೆ, ಅದೂ ಆ ಬದಿಯ ಹುಲ್ಲು ಕಳಪೆಯಾಗಿದ್ದರೂ; ಮುಂದೆ ಹೋದ ಪ್ರಾಣಿಗೆ ಬಲಗಣ್ಣು ಕಾಣುವುದಿಲ್ಲ ಎಂದು ಹೇಳಿಬಿಡುತ್ತಾರೆ. ಹುಡುಕದೇ ಇದ್ದದ್ದು ಆಕಸ್ಮಿಕದಿಂದ ಮತ್ತು ಜಾಣ್ಮೆಯಿಂದ ಸಿಗುವುದು, ಇದು ವಾಲ್ಪೋಲ್ ಕೊಟ್ಟ ಅರ್ಥ. ಜಾಣ್ಮೆ ಎಂಬ ಅರ್ಧವನ್ನು ಈಗ ಎಲ್ಲರೂ ಮರೆತಿದ್ದಾರೆ. 1928ರ ಸೆಪ್ಟೆಂಬರಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯಲ್ಲಿ ಬೂಸ್ಟು ಹಿಡಿದಿತ್ತು. ಬೂಸ್ಟು ಹಿಡಿದದ್ದು ಆಕಸ್ಮಿಕ. ಬೂಸ್ಟಿನ ಸುತ್ತ ಬ್ಯಾಕ್ಟೀರಿಯಾ ಸತ್ತಿದೆಯಲ್ಲ ಎಂದು ನಿಂತು ನೋಡಿದ್ದು ಜಾಣ್ಮೆ, ಪೆನಿಸಿಲಿನ್ ಸಿಕ್ಕಿದ್ದು ಹಾಗೆ. ನಮ್ಮಲ್ಲಿ ಮಳೆಗಾಲದಲ್ಲಿ ಬೂಸ್ಟು ಹಿಡಿಯದ ವಸ್ತು ಯಾವುದಿದೆ? ತೊಳೆದಿಡುತ್ತೇವೆ ಅಷ್ಟೇ.

ಸೆರೆಂಡಿಪ್ ಎಂದರೆ ಶ್ರೀಲಂಕಾ. ಸಿಂಹಳದ್ವೀಪ ಎಂಬುದು ಪರ್ಷಿಯನ್ ಮತ್ತು ಅರಬ್ಬಿ ಬಾಯಲ್ಲಿ ಸರಂದೀಬ್ ಆಯಿತು. ಕಾರವಾರದ ಹತ್ತಿರ ಕಡಲಲ್ಲಿರುವ ಅಂಜದೀವದ 'ದೀವ', ಮಾಲ್ಡೀವ್ಸ್‌ನ 'ಡೀವ್', ಸೆರೆಂಡಿಪಿಟಿಯ 'ಡಿಪ್' ಮೂರೂ ನಮ್ಮ 'ದ್ವೀಪ'ವೇ. ಇಷ್ಟು ಹತ್ತಿರದ ಪದವನ್ನು ಲಂಡನ್ನಿನಿಂದ ವಾಪಸ್ ತರಿಸಿಕೊಂಡಿದ್ದೇವೆ.

ಇದನ್ನು ಕನ್ನಡಿಸುವಾಗ 'ಹುಡುಕುವ ಬಳ್ಳಿ ಕಾಲಿಗೆ ತೊಡರಿತು' ಎಂದು ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಬಳ್ಳಿಯನ್ನೇ ಹುಡುಕುತ್ತಿದ್ದೆವು, ಬಳ್ಳಿಯೇ ಸಿಕ್ಕಿತು, ಅದು ಅದೃಷ್ಟ. ಸೊಪ್ಪಿನ ಬೆಟ್ಟಕ್ಕೆ ಸೊಪ್ಪು ತರಲು ಹೋದವನು ಬಳ್ಳಿ ಎಡವಿ ಬಿದ್ದು, ಬೈದುಕೊಂಡು ಎದ್ದವನು ಅದರ ಎಲೆ ಕಿವುಚಿ ಮೂಸಿ, ಅರೆ, ಇದು ಅಜ್ಜಿ ಹೇಳುತ್ತಿದ್ದ ಮದ್ದಿನ ಬಳ್ಳಿ ಎಂದು ಗುರುತು ಹಿಡಿದರೆ, ಅದು ಸೆರೆಂಡಿಪಿಟಿ.

ಫ್ಲೂಕ್ ಇದಕ್ಕೆ ಉಲ್ಟಾ. 19ನೇ ಶತಮಾನದ ಮಧ್ಯದಲ್ಲಿ ಬಿಲಿಯರ್ಡ್ಸ್ ಮೇಜಿನಿಂದ ಎದ್ದು ಬಂದ ಪದ. ಜಾಣ್ಮೆ ಸೊನ್ನೆ, ಫಲ ಮಾತ್ರ ಭರ್ತಿ. ಕೇರಂನಲ್ಲಿ ಕಪ್ಪು ಕಾಯಿಗೆ ಗುರಿಯಿಟ್ಟು ಹೊಡೆದದ್ದು ಎರಡು ಕಡೆ ಬಡಿದು ಬಂದು ಕೆಂಪನ್ನು ಗುಳಿಗೆ ಹಾಕಿತು. ಹೊಡೆದವನು ಮಾತ್ರ ಅದೇ ಲೆಕ್ಕ ಹಾಕಿದ್ದೆ ಎಂಬಂತೆ ಪೌಡರ್ ಹಾಕುತ್ತಾ ಕೂರುತ್ತಾನೆ. ಆದ್ದರಿಂದ ಪರೀಕ್ಷೆ ಪಾಸಾದವರಿಗೆ 'ಫ್ಲೂಕ್' ಎನ್ನಬೇಡಿ, ಅದು ಅಭಿನಂದನೆಯಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ನೋಡುವ ಲಂಗರಿನ ಚಪ್ಪಟೆ ಕೊಕ್ಕೆಗೂ, ನಂಗಿನಂಥ ಚಪ್ಪಟೆ ಮೀನಿನ ಒಂದು ಜಾತಿಗೂ ಇಂಗ್ಲಿಷಿನಲ್ಲಿ ಫ್ಲೂಕ್ ಎಂದೇ ಹೆಸರು. ಓದುವಾಗ ಸಂದರ್ಭ ನೋಡಿಕೊಳ್ಳಿ.

ನಮ್ಮ ಶಾಸ್ತ್ರದವರು ಇದಕ್ಕೆ ಘುಣಾಕ್ಷರ ನ್ಯಾಯ ಎಂದರು. ಘುಣ ಅಂದರೆ ಮರ ಕೊರೆಯುವ ಹುಳು. ನಮ್ಮ ಮನೆಯ ಮೆತ್ತಿನ (ಅಟ್ಟದ) ಹಲಗೆಯೊಂದರಲ್ಲಿ ಹುಳ ಕೊರೆದ ಗೆರೆ ಸುತ್ತಿ, ಕೆಳಗಿಳಿದು, ಕೊನೆಗೆ ಬಾಲ ಎಳೆದುಕೊಂಡು ಥೇಟ್ 'ನ' ಆಗಿದೆ. ತಲಕಟ್ಟೂ ಇದೆ. ಹುಳುವಿಗೆ ಕನ್ನಡ ಬರುವುದಿಲ್ಲ, ಅದಕ್ಕೆ ಹಸಿವಾಗಿತ್ತು. ಪಕ್ಕದಲ್ಲಿರುವ ನೂರಾರು ಗೆರೆಗಳು ಯಾವ ಅಕ್ಷರವೂ ಆಗಿಲ್ಲ. ಅವನ್ನು ಯಾರೂ ನೆಂಟರಿಗೆ ತೋರಿಸುವುದಿಲ್ಲ.

ಹ್ಯಾಪನ್‌ಸ್ಟನ್ಸ್ ಎಂಬುದು ಎರಡು ಪದಗಳನ್ನು ಬೆಸೆದ ಅಮೆರಿಕದ ಮಾತು, ಹಾಗಾಗಿಬಿಟ್ಟಿತು ಎಂಬಷ್ಟೇ ಅರ್ಥ. ಅದರೊಳಗಿನ 'ಹ್ಯಾಪ್' ಎಂದರೆ ಹಳೆಯ ಕಾಲದಲ್ಲಿ ಅದೃಷ್ಟ. ಹ್ಯಾಪಿ ಎಂಬ ಪದದ ಮೊದಲ ಅರ್ಥವೂ ಸಂತೋಷವಲ್ಲ, ಅದೃಷ್ಟವಂತ.

ಸಿಂಕ್ರೊನಿಸಿಟಿ ಮಾತ್ರ ಬೇರೆ ಜಾತಿಯದು. ಮನೋವಿಜ್ಞಾನಿ ಕಾರ್ಲ್ ಯೂಂಗ್ 1952ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದಾನೆ. ಕನಸಿನಲ್ಲಿ ಕಂಡ ಚಿನ್ನದ ಜೀರುಂಡೆಯ ಬಗ್ಗೆ ರೋಗಿಯೊಬ್ಬಳು ಹೇಳುತ್ತಿದ್ದಾಗಲೇ ಅದನ್ನೇ ಹೋಲುವ ಹುಳ ಅವನ ಕೋಣೆಯ ಕಿಟಕಿಗೆ ಬಂದು ಬಡಿಯಿತಂತೆ. ಕಾರಣದ ಕೊಂಡಿ ಇಲ್ಲ, ಆದರೂ ಅರ್ಥದ ಕೊಂಡಿ ಇದೆ ಎಂಬುದು ಅವನ ವಾದ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಕೋಇನ್ಸಿಡೆನ್ಸಿಗೆ ಸ್ಟೈಲಾದ ಇನ್ನೊಂದು ಹೆಸರು ಎಂದುಕೊಂಡು ಬಳಸಿದರೆ ಗೊತ್ತಿಲ್ಲದೇ ಒಂದು ನಂಬಿಕೆಗೆ ಸಹಿ ಹಾಕಿದಂತೆ. ನಮ್ಮ ಯೋಗಾಯೋಗ, ಋಣಾನುಬಂಧ ಈ ಕಡೆಯ ಮಾತುಗಳು. ಕಾಕತಾಳೀಯ ಆ ಕಡೆಯದು, ಅದು ಯಾವ ನಂಬಿಕೆಯನ್ನೂ ಕೇಳುವುದಿಲ್ಲ.

ಪತ್ರಿಕೆಗಳಲ್ಲಿ ಬರುವ 'ಕಾಕತಾಳೀಯವೆಂಬಂತೆ' ಬಗ್ಗೆ ಒಂದು ತಕರಾರು. ದಾಳಿ ನಡೆದ ಮರುದಿನವೇ ಕಡತಗಳಿಗೆ ಬೆಂಕಿ ಬಿದ್ದರೆ ಬರೆಯುವವರು ಈ ಪದ ಹಾಕುತ್ತಾರೆ, ಮತ್ತು ಅವರ ಮನಸ್ಸಿನಲ್ಲಿರುವುದು ಕಾಕತಾಳೀಯ ಅಲ್ಲವೇ ಅಲ್ಲ. ಇಂಗ್ಲಿಷಿನವರು 'ನೋ ಕೋಇನ್ಸಿಡೆನ್ಸ್' ಎಂದು ನೇರ ಹೇಳಿಬಿಡುತ್ತಾರೆ. ನಾವು ಕಾಗೆಯನ್ನು ಮುಂದೆ ಬಿಟ್ಟು ಕೊಂಬೆ ಕಡಿದವನ ಕಡೆ ಕಣ್ಣು ಹೊಡೆಯುತ್ತೇವೆ.

ಮಾತಾಡುತ್ತಿದ್ದವರು ಅಷ್ಟರಲ್ಲೇ ಎದುರು ಬಂದು ನಿಂತರೆ ಇಂಗ್ಲಿಷಿನವರು ಸೈತಾನನ ಹೆಸರು ಎತ್ತುತ್ತಾರೆ. ನಾವು ನೂರು ವರ್ಷ ಆಯುಷ್ಯ ಕೊಡುತ್ತೇವೆ. ಕಳೆದ ಸಲದ ಅಡಿಕೆ ಕೊನೆಕೊಯ್ಲಿಗೆ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ನಾಲ್ಕು ದಿನ ಪತ್ತೆಯಿರಲಿಲ್ಲ. ಐದನೇ ದಿನ ಬೆಳಿಗ್ಗೆ ಅಮ್ಮ ಜಗಲಿಯಲ್ಲಿ ಅವನ ಜನ್ಮ ಜಾಲಾಡುತ್ತಿದ್ದಾಗಲೇ ಹಗ್ಗ ಹೆಗಲಿಗೆ ಹಾಕಿಕೊಂಡು ದಣಪೆ ದಾಟಿ ಬಂದ. ಅಮ್ಮ ದನಿ ಬದಲಿಸಿ, "ನಿಂಗೆ ನೂರು ವರ್ಷ ಆಯಸ್ಸು ಮಾರಾಯ" ಅಂದಳು. ಅವನು ಮೇಲೆ ನೋಡಿ, ಮರದ ಎತ್ತರ ಅಳೆದು, "ಅಷ್ಟು ವರ್ಷ ಇದನ್ನ ಹತ್ತೂದು ಯಾರು ಅಮ್ಮಾ?" ಅಂದ.