ಪೇಮೆಂಟ್ ಎಪಿಐ 429 ಕೊಡ್ತಿದೆ, ಲಿಮಿಟ್ ಜಾಸ್ತಿ ಮಾಡಿಸ್ಬೇಕಾ?

ಪ್ರಶ್ನೆ: ಸೇಲ್ ಶುರುವಾದ ತಕ್ಷಣ ಪೇಮೆಂಟ್ ಗೇಟ್‌ವೇ (ನಮ್ಮ ಸೈಟ್‌ಗೆ ದುಡ್ಡು ತಗೊಳ್ಳೋ ಸೇವೆ) ಇಂದ ಸಾಲುಸಾಲಾಗಿ 429 ಎರರ್, ಅಂದ್ರೆ "ಲಿಮಿಟ್ ಮೀರಿ ರಿಕ್ವೆಸ್ಟ್ ಕಳ್ಸಿದೀರಿ" ಅನ್ನೋ ಉತ್ತರ ಬರತ್ತೆ. ಫೇಲ್ ಆದ ಕೂಡ್ಲೇ ಮತ್ತೆ ಕಳ್ಸೋ ಹಾಗೆ ಕೋಡ್ ಇದೆ, ಆದ್ರೂ ಸರಿಹೋಗ್ತಿಲ್ಲ. ಲಿಮಿಟ್ ಜಾಸ್ತಿ ಮಾಡಿ ಅಂತ ಕೇಳೋದಾ?

ಉತ್ತರ: ಕೇಳಿ, ಆದ್ರೆ ಆಮೇಲೆ. ಮೊದ್ಲು ಲಾಗ್ ತೆಗ್ದು ಯಾವ ಕಾಲ್ ಜಾಸ್ತಿ ಹೋಗ್ತಿದೆ ನೋಡಿ. ಎಷ್ಟೋ ಕಡೆ ಹೊಸ ಪೇಮೆಂಟ್‌ಗಳಿಗಿಂತ "ದುಡ್ಡು ಬಂತಾ, ಬಂತಾ" ಅಂತ ಸ್ಟೇಟಸ್ ಕೇಳೋ ಕಾಲ್‌ಗಳೇ ಲಿಮಿಟ್ ತಿಂದಿರ್ತವೆ. 2025ರ ಏಪ್ರಿಲ್‌ನಲ್ಲಿ ಯುಪಿಐ ಕೈಕೊಟ್ಟಿತ್ತಲ್ಲ, ಆಗ್ಲೂ ಬ್ಯಾಂಕ್‌ಗಳ ಕಡೆಯಿಂದ ಸ್ಟೇಟಸ್ ಚೆಕ್ ರಿಕ್ವೆಸ್ಟ್‌ಗಳು ವಿಪರೀತ ಬಂದಿದ್ವು, ಆಮೇಲೆ ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ ಅದೇ ವರ್ಷ ಆಗಸ್ಟ್ 1ರಿಂದ ಪೆಂಡಿಂಗ್ ಪೇಮೆಂಟ್ ಸ್ಟೇಟಸ್‌ನ ಮೂರೇ ಸಲ ನೋಡ್ಬಹುದು, ನಡುವೆ 90 ಸೆಕೆಂಡ್ ಗ್ಯಾಪ್ ಇರ್ಬೇಕು ಅಂತ ಮಾಡ್ತು, ಬ್ಯಾಲೆನ್ಸ್ ನೋಡೋದಕ್ಕೂ ಒಂದು ಆ್ಯಪಲ್ಲಿ ದಿನಕ್ಕೆ 50 ಸಲ ಅಂತ ಮಿತಿ ಹಾಕ್ತು.

ಹಾಗಾಗಿ ಸ್ಟೇಟಸ್‌ಗೆ ವೆಬ್‌ಹುಕ್ ಹಾಕಿ, ಪೇಮೆಂಟ್ ಆದಾಗ ಗೇಟ್‌ವೇನೇ ನಿಮ್ಮ ಸರ್ವರ್‌ಗೆ ತಿಳಿಸತ್ತೆ. ಆ ಮೆಸೇಜ್ ಗೇಟ್‌ವೇ ಕಳ್ಸಿದ್ದೇನಾ ಅಂತ ಅದರ ಸಿಗ್ನೇಚರ್ ಚೆಕ್ ಮಾಡಿ, ಆಮೇಲೆ ನೋಡ್ಕೊಳ್ಳೋಕೆ ಕ್ಯೂಗೆ ಹಾಕಿ, ತಕ್ಷಣ 200 ("ಸಿಕ್ತು" ಅನ್ನೋ ಉತ್ತರ) ಕಳ್ಸಿ. ಒಂದೇ ಈವೆಂಟ್ ಎರಡು ಸಲ ಬರಬಹುದು, ಅದಕ್ಕೆ ಈವೆಂಟ್ ಐಡಿ ಇಟ್ಕೊಂಡಿರಿ, ಮತ್ತೆ ಬಂದಿದ್ದನ್ನ ಬಿಟ್ಬಿಡಿ.

ಇನ್ನು ಆ ರೀಟ್ರೈ. ಕೂಡ್ಲೇ ಮತ್ತೆ ಕಳ್ಸಿದ್ರೆ ಲೋಡ್ ಇನ್ನೂ ಏರತ್ತೆ ಅಷ್ಟೇ. 429 ಜೊತೆ ಎಷ್ಟು ಹೊತ್ತು ಕಾಯ್ಬೇಕು ಅಂತ ಹೇಳೋ ರೀಟ್ರೈ-ಆಫ್ಟರ್ ಹೆಡರ್ ಬಂದಿದ್ರೆ ಅಷ್ಟು ಹೊತ್ತು ಕಾಯಿರಿ, ಇಲ್ದಿದ್ರೆ 1, 2, 4, 8 ಸೆಕೆಂಡ್ ಅಂತ ಗ್ಯಾಪ್ ಹೆಚ್ಚಿಸ್ತಾ ಹೋಗಿ, ಜೊತೆಗೆ ಒಂಚೂರು ರ‍್ಯಾಂಡಮ್ ಸಮಯ ಸೇರ್ಸಿ, ಇಲ್ಲಾಂದ್ರೆ ನಿಮ್ಮ ಎಲ್ಲಾ ಸರ್ವರ್‌ಗಳೂ ಒಂದೇ ಕ್ಷಣಕ್ಕೆ ವಾಪಸ್ ಮುಗಿಬೀಳ್ತವೆ.

ನನಗೆ ನಿಜವಾಗ್ಲೂ ಭಯ ಇರೋದು 429 ಬಗ್ಗೆ ಅಲ್ಲ, ಅದೇ ರೀಟ್ರೈ ಕೋಡ್ ಟೈಮ್‌ಔಟ್‌ಗೂ ಓಡತ್ತಲ್ಲ, ಅದರ ಬಗ್ಗೆ. ಟೈಮ್‌ಔಟ್ ಆದಾಗ, ಅಂದ್ರೆ ಹೊತ್ತಿಗೆ ಸರಿಯಾಗಿ ಉತ್ತರ ಬರದೇ ಇದ್ದಾಗ, ದುಡ್ಡು ಕಟ್ ಆಗಿದ್ಯೋ ಇಲ್ವೋ ನಿಮಗೆ ಗೊತ್ತಿರಲ್ಲ, ಹಾಗೇ ಮತ್ತೆ ಕಳ್ಸಿದ್ರೆ ಗ್ರಾಹಕರಿಗೆ ಎರಡು ಸಲ ಕಟ್ ಆಗ್ಬಹುದು. ಇದಕ್ಕೇ ಐಡೆಂಪೊಟೆನ್ಸಿ ಕೀ ಇರೋದು, ಅಂದ್ರೆ ರಿಕ್ವೆಸ್ಟ್ ಜೊತೆ ಕಳ್ಸೋ, ಪ್ರತಿ ಪೇಮೆಂಟ್‌ಗೂ ಬೇರೆಬೇರೆ ಇರೋ ಗುರುತು. ಒಂದೇ ಕೀ ಜೊತೆ ಮತ್ತೆ ಬಂದ ರಿಕ್ವೆಸ್ಟ್‌ಗೆ ಗೇಟ್‌ವೇ ಹಳೇ ಉತ್ತರಾನೇ ಕೊಡತ್ತೆ. ಕೀನ ರೀಟ್ರೈ ಲೂಪ್ ಒಳಗೆ ಹುಟ್ಸಬೇಡಿ, ಪ್ರತಿ ಸಲ ಹೊಸದಾದ್ರೆ ಏನೂ ಉಪಯೋಗ ಇಲ್ಲ; ಪೇಮೆಂಟ್ ಶುರು ಮಾಡೋವಾಗ್ಲೇ ಡೇಟಾಬೇಸಲ್ಲಿ ಸೇವ್ ಮಾಡಿ. ಸ್ಟ್ರೈಪ್ ಅನ್ನೋ ಗೇಟ್‌ವೇನಲ್ಲಿ 24 ಗಂಟೆ ಆದ್ಮೇಲೆ ಕೀ ಅಳಿಸಿ ಹೋಗಬಹುದು, ಮಾರನೇ ದಿನ ರೀಟ್ರೈ ಮಾಡೋ ಮುಂಚೆ ಹಳೇ ಪೇಮೆಂಟ್ ಏನಾಯ್ತು ಅಂತ ನೋಡ್ಲೇಬೇಕು.

ರಿಪೋರ್ಟು, ಲೆಕ್ಕ ತಾಳೆ ಮಾಡೋ ಜಾಬ್‌ಗಳನ್ನ ಬೇರೆ ಕ್ಯೂಗೆ ಹಾಕಿ ನಿಧಾನಕ್ಕೆ ಓಡ್ಸಿ, ಚೆಕ್‌ಔಟ್‌ಗೆ ಜಾಗ ಬಿಡಿ. ಇಷ್ಟಾದ್ಮೇಲೂ 429 ಬಂದ್ರೆ ಸೆಕೆಂಡಿಗೆ ಎಷ್ಟು ಕಾಲ್ ಹೋಗ್ತಿದೆ ಅನ್ನೋ ಲೆಕ್ಕ ಇಟ್ಕೊಂಡು, ಮುಂದಿನ ಸೇಲ್‌ಗೆ ಮುಂಚೇನೇ ಲಿಮಿಟ್ ಜಾಸ್ತಿ ಮಾಡಿ ಅಂತ ಗೇಟ್‌ವೇ ಸಪೋರ್ಟ್‌ಗೆ ಬರೀರಿ.