ಸ್ಥಳ ತನಿಖೆ: ಗರಸು ತೆಗೆಯುವ ಮುನ್ನ ನೆಲವನ್ನು ನೋಡುವುದು

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಹೊಸ ರಸ್ತೆಯ ಕೆಲಸ ಎಲ್ಲಿ ಶುರುವಾದರೂ ಅದರ ಹಿಂದೆಯೇ ಗರಸಿನ ಮಾತು ಬರುತ್ತದೆ. ಗುತ್ತಿಗೆದಾರರು ಗ್ರಾವೆಲ್ ಎಂದು ಕರೆಯುವುದನ್ನು ಇಲ್ಲಿನ ರೈತರು ಗರಸು ಎನ್ನುತ್ತಾರೆ. ಅದು ಕಲ್ಲಿನ ಗುಣವನ್ನು ಕಳೆದುಕೊಂಡರೂ ಇನ್ನೂ ಪೂರ್ತಿ ಮಣ್ಣಾಗಿರದ, ಹರಳುಹರಳಾದ ನೆಲದ ಪದರ. ಇದನ್ನು ಅಗೆದು ಸಾಗಿಸಲು ಅರ್ಜಿ ಬಂದಾಗ ಕಡತದಲ್ಲಿ ತಪ್ಪದೆ ಕಾಣಿಸುವ ಪದ ‘ಸ್ಥಳ ತನಿಖೆ’. ಕಂದಾಯ, ಅರಣ್ಯ, ಗಣಿ ಮತ್ತು ಭೂವಿಜ್ಞಾನ ಇಲಾಖೆಗಳ ಸಿಬ್ಬಂದಿ ಒಟ್ಟಾಗಿ ಹೋದರೆ ‘ಜಂಟಿ ಸ್ಥಳ ತನಿಖೆ’.

ಅರ್ಜಿಯಲ್ಲಿ ಹೇಳಿದ ಜಾಗ ನೆಲದ ಮೇಲೆ ನಿಜವಾಗಿ ಎಲ್ಲಿದೆ, ಅದರಲ್ಲಿ ಏನಿದೆ, ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎಂಬುದನ್ನು ಅಗೆಯುವ ಮೊದಲೇ ಕಣ್ಣಾರೆ ಕಂಡು ದಾಖಲಿಸುವುದು ಈ ಪದದ ಅರ್ಥ. ಅಳತೆ ಮತ್ತು ಮಹಜರು ಎಂಬ ಪದಗಳು ಇದರ ಜೊತೆಗೇ ಬರುವುದರಿಂದ ಮೂರನ್ನೂ ಒಂದೇ ಎಂದು ತಿಳಿಯುವುದುಂಟು. ಗಡಿಯನ್ನು ಗುರುತಿಸುವ ಕೆಲಸ ಅಳತೆಯದು. ಕಂಡದ್ದನ್ನು ಸಾಕ್ಷಿಗಳ ಎದುರು ಬರೆದು ಸಹಿ ಹಾಕಿಸುವ ಪತ್ರ ಮಹಜರು. ನಾವು ದಿನವೂ ಬಳಸುವ ‘ಹಾಜರು’ ಮತ್ತು ಈ ‘ಮಹಜರು’ ಒಂದೇ ಅರಬ್ಬಿ ಧಾತುವಿನಿಂದ ಹುಟ್ಟಿದವು. ಸ್ಥಳದಲ್ಲಿ ಹಾಜರಿರದವರ ಸಹಿಯನ್ನು ಆಮೇಲೆ ಪಡೆದುಕೊಂಡ ಪತ್ರಕ್ಕೆ ಮಹಜರು ಎಂಬ ಹೆಸರು ಒಪ್ಪುವುದಿಲ್ಲ ಎಂಬುದನ್ನು ಪದವೇ ಹೇಳುತ್ತದೆ.

1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಗರಸು ಉಪಖನಿಜ. ಉಪಖನಿಜಗಳಿಗೆ ನಿಯಮ ಮಾಡುವ ಅಧಿಕಾರ ರಾಜ್ಯಗಳಿಗಿದ್ದು, ನಮ್ಮಲ್ಲಿ ಜಾರಿಯಲ್ಲಿರುವುದು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು. ಐದು ಹೆಕ್ಟೇರಿಗಿಂತ, ಎಂದರೆ ಸುಮಾರು 12 ಎಕರೆ 14 ಗುಂಟೆಗಿಂತ, ಚಿಕ್ಕದಾದ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ಹೇಳಿತು. ರಸ್ತೆಯಂಥ ಕಾಮಗಾರಿಗಳಿಗೆ ಸಾಧಾರಣ ಮಣ್ಣು ತೆಗೆಯಲು ಈ ಅನುಮತಿ ಬೇಡವೆಂದು 2020ರಲ್ಲಿ ಕೇಂದ್ರವು ನೀಡಿದ್ದ ವಿನಾಯಿತಿಯನ್ನೂ ಅದೇ ನ್ಯಾಯಾಲಯ 2024ರ ಮಾರ್ಚ್‌ನಲ್ಲಿ ರದ್ದುಮಾಡಿತು.

ತನಿಖೆಯ ಮೊದಲ ಭಾಗ ಕಾಗದವನ್ನೂ ನೆಲವನ್ನೂ ತಾಳೆ ಹಾಕುವುದು. ಪಹಣಿಯಲ್ಲಿರುವ ವಿಸ್ತೀರ್ಣ, ನಕಾಶೆಯಲ್ಲಿರುವ ಗೆರೆ, ಚಕ್ಕುಬಂದಿಯಲ್ಲಿ ಬರೆದ ನಾಲ್ಕು ದಿಕ್ಕಿನ ಹೆಸರುಗಳು ಸ್ಥಳದಲ್ಲಿ ಕಾಣುವುದಕ್ಕೆ ಹೊಂದಬೇಕು. ಇಲ್ಲಿ ಎಡವುವುದು ಹೆಚ್ಚಾಗಿ ಖರಾಬಿನಲ್ಲಿ. ‘ಅ’ ಖರಾಬು ಸಾಗುವಳಿಗೆ ಬಾರದ ನೆಲವಾದರೆ, ‘ಬ’ ಖರಾಬು ಹಳ್ಳ, ದಾರಿ, ಕೆರೆಗಳಂತೆ ಊರಿನವರೆಲ್ಲರ ಬಳಕೆಗೆ ಮೀಸಲಾದದ್ದು. ಬೇಸಿಗೆಯಲ್ಲಿ ಒಣಗಿ ಕಲ್ಲುಹಾಸಿನಂತೆ ಕಾಣುವ ಹಳ್ಳದ ಪಾತ್ರವನ್ನು ಪಾಳು ನೆಲವೆಂದು ಬರೆದುಬಿಡುವುದು ಬಹಳ ಸುಲಭ. ಮೊಳಕಾಲ್ಮೂರು ತಾಲ್ಲೂಕಿನಲ್ಲಾದರೆ ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಂಥ ರಕ್ಷಿತ ತಾಣಗಳಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಜಗಳೂರು ತಾಲ್ಲೂಕಿನಲ್ಲಾದರೆ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿ ಧಾಮದಿಂದ ಎಷ್ಟು ದೂರ ಎಂಬುದನ್ನೂ ನೋಡಬೇಕಾಗುತ್ತದೆ.

ಎರಡನೆಯ ಭಾಗ ನೆಲವನ್ನೇ ಓದುವುದು. ನನ್ನ ಮಟ್ಟಿಗೆ ತನಿಖೆಯ ತಿರುಳು ಇದೇ. ಆದರೂ ವರದಿಯಲ್ಲಿ ಇದಕ್ಕೆ ಸಿಗುವುದು ಅನೇಕ ಸಲ ‘ಜಮೀನು ಬರಡಾಗಿದೆ’ ಎಂಬ ಒಂದೇ ಸಾಲು. ಜಾಗದ ಏರು, ತಗ್ಗು, ನಡು ಎಂದು ಮೂರ್ನಾಲ್ಕು ಕಡೆ ಗುಂಡಿ ತೋಡಿಸಿ ಪದರಗಳನ್ನು ಅಳೆದರೆ ಮೇಲ್ಮಣ್ಣು ಎಷ್ಟು, ಗರಸು ಎಲ್ಲಿಂದ ಎಲ್ಲಿಯವರೆಗೆ, ಗಟ್ಟಿ ಬಂಡೆ ಎಲ್ಲಿ ಸಿಗುತ್ತದೆ ಎಂಬುದು ತಿಳಿಯುತ್ತದೆ. ಒಂದು ಎಕರೆಯಲ್ಲಿ ಎರಡು ಮೀಟರ್ ದಪ್ಪದ ಗರಸಿದ್ದರೆ ಅದು ಸುಮಾರು 8,100 ಘನ ಮೀಟರ್. ಅದರ ಮೇಲೆ ಒಂದಡಿಯಷ್ಟು ಮೇಲ್ಮಣ್ಣು ಇದ್ದರೆ ಇನ್ನೊಂದು 1,200 ಘನ ಮೀಟರಿನಷ್ಟನ್ನು ಬೇರೆಯಾಗಿ ಗುಡ್ಡೆ ಹಾಕಿ, ಕೆಲಸ ಮುಗಿದ ಮೇಲೆ ಮತ್ತೆ ಹರಡಬೇಕು. ಗುಡ್ಡೆ ಹಾಕಲು ಜಾಗ ಎಲ್ಲಿದೆ ಎಂದು ಆ ದಿನವೇ ಕೇಳದಿದ್ದರೆ ಆ ಮಣ್ಣೂ ಗರಸಿನ ಜೊತೆಗೇ ಲಾರಿ ಹತ್ತುತ್ತದೆ.

ಗರಸು ಇದ್ದಲ್ಲೇ ಇದ್ದು ಮಾಡುವ ಒಂದು ಕೆಲಸವೂ ಇದೆ. ಈ ಸೀಮೆಯ ಅಡಿಪಾಯ ಗಟ್ಟಿ ಶಿಲೆ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮತ್ತು ಅದರ ಮೇಲಿನ ಶಿಥಿಲ ಪದರದಲ್ಲಿ. ಗರಸು ಆ ಪದರದ ಭಾಗ. ಮಳೆಯ ನೀರನ್ನು ಹೀರಿ, ಹಿಡಿದಿಟ್ಟು, ನಿಧಾನವಾಗಿ ಕೆಳಗಿನ ಬಿರುಕುಗಳಿಗೂ ಪಕ್ಕದ ತೆರೆದ ಬಾವಿಗೂ ಬಿಡುವುದು ಅದೇ. ಚಳ್ಳಕೆರೆ, ಜಗಳೂರಿನಂಥ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಬಂಡೆ ಕಾಣುವವರೆಗೆ ಅಗೆದರೆ ಹೋಗುವುದು ಬರೀ ಮಣ್ಣಲ್ಲ. ಆದ್ದರಿಂದ ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರಿನ ಮಟ್ಟವನ್ನು ತನಿಖೆಯ ದಿನವೇ, ಸಾಧ್ಯವಾದರೆ ಬೇಸಿಗೆಯ ಕೊನೆಯಲ್ಲೊಮ್ಮೆ ಮತ್ತು ಮಳೆಗಾಲದ ನಂತರ ಇನ್ನೊಮ್ಮೆ, ಬರೆದುಕೊಳ್ಳಬೇಕು. ಮುಂದೊಂದು ದಿನ ಪಕ್ಕದ ರೈತ ‘ಬಾವಿ ಬತ್ತಿತು’ ಎಂದಾಗ ‘ಅದು ಮೊದಲೇ ಬತ್ತಿತ್ತು’ ಎಂಬ ಉತ್ತರ ಬಂದರೆ, ಇಬ್ಬರಲ್ಲಿ ಯಾರ ಮಾತು ಸರಿ ಎಂದು ತೋರಿಸಬಲ್ಲದ್ದು ಈ ಅಂಕಿ ಮಾತ್ರ.

ಲಾರಿ ಓಡಾಡುವ ದಾರಿ ಯಾರ ಹೊಲದ ಬದುವಿನ ಮೇಲೆ ಹಾಯುತ್ತದೆ, ಶಾಲೆಯ ಮುಂದೆ ಹೋಗುತ್ತದೆಯೇ ಎಂಬುದನ್ನೂ ಇದೇ ಭೇಟಿಯಲ್ಲಿ ನೋಡಿಕೊಳ್ಳಬೇಕು. ಅದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಬೇರೆ ತನಿಖೆಗಳಿಗಿಂತ ಇದು ಭಿನ್ನವಾಗುವುದು ಅಗೆತ ತನ್ನ ಸಾಕ್ಷಿಯನ್ನು ತಾನೇ ಅಳಿಸುತ್ತದೆ ಎಂಬ ಕಾರಣಕ್ಕೆ. ಗುಂಡಿಯಾದ ಮೇಲೆ ಹಿಂದಿನ ನೆಲಮಟ್ಟ ಯಾವುದು, ಎಷ್ಟು ಗರಸು ಹೋಯಿತು ಎಂಬುದನ್ನು ಗುಂಡಿ ಹೇಳಲಾರದು. ಅದಕ್ಕೇ ಗಡಿಯ ಮೂಲೆಗಳ ಅಕ್ಷಾಂಶ ರೇಖಾಂಶ, ನೆಲಮಟ್ಟದ ಅಳತೆ, ದಿನಾಂಕ ಸಹಿತ ಛಾಯಾಚಿತ್ರಗಳನ್ನು ವರದಿಗೆ ಸೇರಿಸಬೇಕು. ಕೆರೆಯ ಹೂಳೆತ್ತುವವರು ಎಷ್ಟು ಆಳ ತೋಡಿದೆವೆಂದು ಲೆಕ್ಕ ಕೊಡಲು ನಡುನಡುವೆ ಅಗೆಯದೆ ಬಿಡುವ ಮಣ್ಣಿನ ದಿಬ್ಬಗಳನ್ನು ನೋಡಿದವರಿಗೆ ಈ ಅಳತೆಗಳ ಕೆಲಸವೇನೆಂದು ಬೇರೆ ವಿವರಿಸಬೇಕಿಲ್ಲ.